ಕೈ ಎತ್ತಿದವಳು

ಕರಂತಿನಾ ಅಂದರೆ ವೆನಿಸಿನ ನಾವಿಕರ ಮಾತಲ್ಲಿ ನಲವತ್ತು.
ಬಂದರಿನ ಈ ಮೂಲೆಗೆ ಇನ್ನೂ ಅದೇ ಹೆಸರು,
ದಿನ ಎಣಿಸಿದವರೆಲ್ಲ ಮಣ್ಣಾದ ಮೇಲೂ.

ಅದರ ಗೇಟಿಗೆ ಎದುರಾಗಿ ನನ್ನ ಕಾಫಿ ಗೂಡಂಗಡಿ.
ಗೇಟಿನಾಚೆ ತಂಬಾಕಿನ ಹಳೇ ಗೋದಾಮು,
ಗೋದಾಮಿನೊಳಗೆ ಕಂಟೇನರು, ಕಂಟೇನರಿನೊಳಗೆ ಜನ,
ಜನರ ಕೈಯಲ್ಲಿ ಒಂದೊಂದು ಚೀಟಿ,
ಚೀಟಿಯ ಮೇಲೊಂದು ತಾರೀಕು,
ಅದು ಬಂದ ದಿನ ಇನ್ನೊಂದು ತಾರೀಕು.

ಅಜ್ಜಿ ಮರಿಯಾಂಥಿಯೂ ಇದೇ ಗೇಟು ದಾಟಿದವಳು,
ಇಪ್ಪತ್ತೆರಡರಲ್ಲಿ, ಸ್ಮಿರ್ನಾ ಉರಿದ ವರ್ಷ.
ಬಟ್ಟೆ ಹಬೆಗೆ ಹಾಕಿದರಂತೆ, ತಲೆ ಬೋಳಿಸಿದರಂತೆ.
ಹೊರಬಿದ್ದ ದಿನ ಮೊದಲು ಕೊಂಡದ್ದು ಬಾಚಣಿಗೆ.
"ಕೂದಲೆಲ್ಲಿ?" ಅಂತ ನಕ್ಕನಂತೆ ಅಂಗಡಿಯವನು.
"ಬರುತ್ತೆ" ಅಂದಳಂತೆ.
ಆಗಲೂ ಊರಿನವರು ಅರ್ಜಿ ಗುಜರಾಯಿಸಿದ್ದರು:
ಇವರನ್ನು ಗಾಳಿ ಬೀಸಿ ಹೋಗುವ ದಿಕ್ಕಿಗೆ ಸಾಗಿಸಿ.

ಈ ಚಳಿಗಾಲ, ಶಾಲೆಯ ವ್ಯಾಯಾಮದ ಹಾಲಿನಲ್ಲಿ ಸಭೆ.
ಮೇಯರ್ ಕ್ಸೆನಾಕಿಸ್ ನಕ್ಷೆ ಬಿಡಿಸಿದ:
ಇಲ್ಲಿ ವಿಹಾರದ ಹಡಗಿಗೆ ಕಟ್ಟೆ, ಇಲ್ಲಿ ತಾಳೆಮರ, ಇಲ್ಲಿ ಕಾರಂಜಿ,
ಎಲ್ಲ ಬಣ್ಣದಲ್ಲಿ.
ಕೇಂದ್ರಕ್ಕೆ ಮಾತ್ರ ಪೆನ್ಸಿಲಿನ ಸಣ್ಣ ಚೌಕ,
ವೂನಾರಿ ಹಳ್ಳಿಯಾಚೆ, ಊರ ಕಸ ಸುರಿಯುವ ಗುಡ್ಡದ ಬೆನ್ನಿಗೆ.
ಯಾರನ್ನೂ ಓಡಿಸುತ್ತಿಲ್ಲ, ಅಂದ. ಸ್ಥಳ ಬದಲಾವಣೆ, ಅಷ್ಟೆ.
ಅವರಿಗೂ ಅಲ್ಲಿ ಒಳ್ಳೆ ಗಾಳಿ.
ಹಿಂದಿನ ಸಾಲಿನಿಂದ ಕುರಿ ಮೇಯಿಸುವ ಸ್ತ್ರಾತೋಸ್ ಎದ್ದ:
"ಆ ಗಾಳಿ ದಿನಾ ಕುಡಿಯೋನು ನಾನು, ಮೇಯರೇ.
ಒಂದು ಲೋಟ ತಂದುಕೊಡಲೇ?"
ಸಭೆ ನಕ್ಕಿತು.
ಅವನ ಹಳ್ಳಿಯಲ್ಲಿರುವುದು ಅರವತ್ತೊಂದು ಓಟು.

ಒಪ್ಪಿದವರು ಕೈ ಎತ್ತಿ, ಅಂದರು.
ಎತ್ತಿದೆ.
ಕಾರಂಜಿ ಪಕ್ಕ ನನ್ನ ನಾಲ್ಕು ಮೇಜು, ಬಿಳಿ ಕೊಡೆ,
ಜರ್ಮನ್ ಮುದುಕಿಯರು, ಧಾರಾಳ ಟಿಪ್ಸು,
ಲೆಕ್ಕ ಹಾಕಿಯೇ ಎತ್ತಿದೆ.
ಯಾರ ಮೇಲೆ ಎತ್ತಿದೆನೆಂದು ಕೇಳಿಕೊಳ್ಳಲಿಲ್ಲ.

ಬಸ್ಸು ಬಂದದ್ದು ಮಂಗಳವಾರ, ಬೆಳಕು ಹರಿಯುವ ಮುನ್ನ.
ಮೇಲಿನ ತಿರುವಿನಲ್ಲಿ ವೂನಾರಿಯವರು ಟ್ರ್ಯಾಕ್ಟರು ಅಡ್ಡ ನಿಲ್ಲಿಸಿದ್ದರು,
ಹೊರಡುವುದು ತಡವಾಯಿತು,
ಎರಡು ತಾಸು ಜನ ಸಾಲಿನಲ್ಲೇ, ಮೂಟೆಗಳ ಮೇಲೆ.
ಶಟರ್ ಅರ್ಧ ಸರಿಸಿ ಒಲೆ ಹಚ್ಚಿದೆ.
ಸಾಲು ಬಿಟ್ಟು ಬಂದಳು ಝರ್ಮೀನಾ
(ಪೊಲೀಸಿನವ ಕೂಗುತ್ತಲೇ ಇದ್ದ),
ಕಟ್ಟೆಯ ಮೇಲೆ ಚಿಲ್ಲರೆ ಸುರಿದಳು.
"ಎರಡು ಹಾಲು, ಒಂದು ಸಾಬೂನು. ಹೋದ ತಿಂಗಳದ್ದು."
ಇರಲಿ ಬಿಡು, ಅಂದೆ.
"ಎಣಿಸಿ," ಅಂದಳು.
ಎಣಿಸಿದೆ. ಹತ್ತು ಸೆಂಟು ಹೆಚ್ಚಿತ್ತು.
ಕರೆಯುವಷ್ಟರಲ್ಲಿ ಬಸ್ಸಿನ ಬಾಗಿಲು.

ಕಾರಂಜಿ ಬಂದಿಲ್ಲ. ಟೆಂಡರು ಕೋರ್ಟಿನಲ್ಲಿದೆಯಂತೆ.
ಕಾವಲಿನವರಿಲ್ಲ, ವಕೀಲರಿಲ್ಲ, ಎರಡೆರಡು ಸಕ್ಕರೆ ಕೇಳುತ್ತಿದ್ದ ದುಭಾಷಿ ಹುಡುಗನಿಲ್ಲ.
ದಿನಕ್ಕೆ ಏಳೆಂಟು ಕಾಫಿ, ಅದೂ ಬೆಸ್ತರ ಉದ್ದರಿ.
ಗೇಟಿಗೆ ಬೀಗ. ಸರಳಿನ ಮೇಲೆ ಯಾವುದೋ ಮಗುವಿನ ಕಾಲುಚೀಲ,
ಒಂದೇ ಒಂದು,
ಒಣಗಿ, ನೆನೆದು, ಮತ್ತೆ ಒಣಗಿದೆ.

ಮೊನ್ನೆ ಸ್ತ್ರಾತೋಸ್ ಖಾಲಿ ಕಸದ ಲಾರಿ ಹತ್ತಿ ಊರಿಗೆ ಬಂದಿದ್ದ.
ಹೇಗಿದ್ದಾರೆ, ಅಂದೆ.
ಅವನು ಲೋಟದ ತಳದ ಗಸಿ ನೋಡುತ್ತ ಕೂತ.
ನಾಣ್ಯ ಕೊಟ್ಟೆ: ಝರ್ಮೀನಾ ಅಂತ, ಅವಳಿಗೆ ತಲುಪಿಸು.
ಮುಟ್ಟಲಿಲ್ಲ.
"ನೀನೇ ಬಾ," ಅಂದ.
"ರಸ್ತೆ ಚೆನ್ನಾಗಿದೆ. ನೀವೇ ಅಲ್ಲವೇ ಮಾಡಿಸಿದ್ದು."