ಮೂರನೇ ಟ್ರಿಪ್ಪಿನ ಅಜ್ಜಿ

ಕನ್ನಂಬಾಡಿಯಲ್ಲಿ ಗೇಟು ಎತ್ತಿದರೆ ನಮ್ಮ ದೋಣಿ ಬಂದ್.
ಅವತ್ತು ಎತ್ತಿರಲಿಲ್ಲ. ಹೊಳೆ
ಕೊಡ ಇಳಿಸಿ ಉಸಿರು ತೆಗೆದುಕೊಳ್ಳುವವಳ ಹಾಗೆ ನಿಂತಿತ್ತು.

ಮೂರನೇ ಟ್ರಿಪ್ಪಿಗೆ ಬಂದದ್ದು ಬಿಳೀ ಕೂದಲಿನ ಒಬ್ಬ ಅಜ್ಜಿ.
ಹೆಸರು ಹೇಳಿದರು, ನನ್ನ ನಾಲಿಗೆ ತಿರುಗಲಿಲ್ಲ.
ಜೊತೆಗೆ ಮಾನಸಗಂಗೋತ್ರಿಯಲ್ಲಿ ಓದುವ ನಸ್ರೀನ್,
ಆಕೆಯ ಮಾತನ್ನು ಈ ದಡಕ್ಕೆ ದಾಟಿಸುವವಳು.
ಒಂದೇ ದೋಣಿಗೆ ಅಂಬಿಗರು ಇಬ್ಬರು.

"ಅಗೋ ಬಾಯ್ಕಳಕ, ಕೊಕ್ಕು ಮುಚ್ಚಿದರೂ ನಡುವೆ ಸಂದು ಉಳಿಯುತ್ತೆ.
ಅದು ಹೆಜ್ಜಾರ್ಲೆ, ಅದರ ಗಂಟಲ ಚೀಲಕ್ಕೆ ಸೊಸೈಟಿ ರೇಷನ್ನೂ ಸಾಲದು.
ಕಲ್ಲಿನ ಮೇಲೆ ಕಲ್ಲಿನ ಹಾಗೆ ಬಿದ್ದಿರೋದು ಮೊಸಳೆ. ಕೈ ಒಳಗಿಡಿ ತಾಯಿ."
ದಿನಕ್ಕೆ ಹತ್ತು ಸಲ ಹೇಳಿ ಸವೆದ ಮಾತು.
ಆದರೂ ಅದು ಬಾಯಿ ತೆರೆದಾಗ
ಪ್ರತಿಸಲ ನನಗೂ ಒಂದು ಉಸಿರು ತಪ್ಪುತ್ತೆ.

ಅಜ್ಜಿ ಹಕ್ಕಿ ನೋಡಲಿಲ್ಲ.
ಬಂಡೆ ನೋಡಿದರು.
"ಎಷ್ಟು ವಯಸ್ಸು?" ಎಂದರು. ನನ್ನದು ಕೇಳಿದರು ಅಂದುಕೊಂಡು
"ಐವತ್ತಾರು" ಎಂದೆ.
ನಸ್ರೀನ್ ನಕ್ಕಳು: "ನಿಮ್ಮದಲ್ಲ ಅಣ್ಣ, ಕಲ್ಲಿನದು.
ಮುನ್ನೂರು ಕೋಟಿ ವರ್ಷದ ಹತ್ತಿರ ಇರಬಹುದಂತೆ."
ಹುಟ್ಟು ಕೈಯಲ್ಲೇ ನಿಂತಿತು.
ಆ ಬಂಡೆಗೆ ನಾನು ಬೀಡಿ ಉಜ್ಜಿ ಆರಿಸಿದ್ದೇನೆ.

ಅವರ ಊರೂ ದ್ವೀಪವಂತೆ. ಸುತ್ತ ಕಡಲು, ನಡುವೆ ಬೆಟ್ಟ,
ಬೆಟ್ಟದ ಹೊಟ್ಟೆಯಲ್ಲಿ ಆರದ ಒಲೆ.
ನೋಡಲು ಬಂದವರು ಒಂದು ದಿನ ಕರೀ ಮರಳಿನ ದಂಡೆಗೆ,
ಒಂದು ದಿನ ಕಡಲಿಗೇ ಧುಮುಕುವ ಜಲಪಾತಕ್ಕೆ,
ಮತ್ತೆ ಇರುಳು ಮೂರಕ್ಕೆ ಎದ್ದು, ಟಾರ್ಚು ಹಿಡಿದು, ತುದಿಗೆ.
ಬೆಳಗಾಗುವಾಗ ಅಲ್ಲಿ ನೆಲವೇ ಉಸಿರಾಡುವುದು ಕಾಣುತ್ತದಂತೆ.
ಆರಿದ ಬೆಂಕಿಯ ಮೇಲೆ ಮೊದಮೊದಲು ಏಳುವುದು ಜರೀಗಿಡ,
ಮಲಗಿದ ಕೂಸಿನ ಮುಷ್ಟಿಯ ಹಾಗೆ ಸುರುಳಿ ಸುತ್ತಿಕೊಂಡು.
"ನಮ್ಮ ದಾರಿಯ ಕೆಲವು ಕಲ್ಲುಗಳಿಗಿಂತ
ನಾನೇ ದೊಡ್ಡವಳು" ಎಂದರು ಅಜ್ಜಿ.
"ಅವು ಹರಿದು ಬಂದಾಗ ನಾನು ಎರಡು ಮಕ್ಕಳ ತಾಯಿ."

ನಾನೂ ಬಿಡಲಿಲ್ಲ. ಗಗನಚುಕ್ಕಿ ಹೇಳಿದೆ, ಮಳೆಗಾಲದಲ್ಲಿ
ದೂರ ನಿಂತವರ ಅಂಗಿಯನ್ನೂ ನೆನೆಸುವ ಗಗನಚುಕ್ಕಿ.
ಕುಂತಿಬೆಟ್ಟ ಹೇಳಿದೆ. ಕರಿಘಟ್ಟದ ಮೇಲಿಂದ ನೋಡಿದರೆ
ಹೊಳೆ ಎರಡಾಗಿ ಪಟ್ಟಣವನ್ನು ಮಡಿಲಲ್ಲಿಟ್ಟುಕೊಂಡದ್ದು ಹೇಳಿದೆ.
ಬೆಂಕಿ? ನಮ್ಮ ಕಡೆ ಅದು ಆಲೆಮನೆಯಲ್ಲಿ ಮಾತ್ರ,
ಕೊಪ್ಪರಿಗೆಯಲ್ಲಿ ಕೆಂಪಗೆ ಕುದಿಯುವುದು ಬೆಲ್ಲ.
ನಸ್ರೀನ್ ಅದನ್ನು ದಾಟಿಸುವಷ್ಟರಲ್ಲಿ
ಅಜ್ಜಿ ಕಣ್ಣರಳಿಸಿದರು: "ಹಾಗೇ! ಅದೇ ಮಂದ, ಅದೇ ಗುಳ್ಳೆ!"

ಇಳಿಯುವ ಮೊದಲು ಚೀಲದಿಂದ ಒಂದು ಬೂದು ಕಲ್ಲು ತೆಗೆದು
ನೀರಿಗೆ ಬಿಟ್ಟರು.
ಮುಳುಗಲಿಲ್ಲ.
ಮೂವತ್ತು ವರ್ಷ ಈ ನೀರಲ್ಲಿ ಏನೇನೋ ಮುಳುಗಿದ್ದು ಕಂಡವನು ನಾನು,
ಕನ್ನಡಕ, ಕಾಲುಂಗುರ, ಹೊಸಾ ಮೊಬೈಲು, ಒಮ್ಮೆ...
ಬೇಡ, ಆ ಮಾತು ಬೇಡ.
ಕಲ್ಲು ತೇಲಿತು. ನೀರುಕಾಗೆಯೊಂದು ಕತ್ತು ಓರೆ ಮಾಡಿ ನೋಡಿತು.
ಸೇತುವೆ ಕಟ್ಟಿದ ಕಪಿಗಳ ಕತೆ ಅಷ್ಟೇನೂ ಸುಳ್ಳಲ್ಲ ಬಿಡು, ಅಂದುಕೊಂಡೆ.
ಹುಟ್ಟಿನ ತುದಿಯಲ್ಲಿ ಹತ್ತಿರ ಎಳೆದು ಕೊಡಹೋದರೆ
ನನ್ನ ಬೆರಳುಗಳನ್ನೇ ಅದರ ಮೇಲೆ ಮಡಚಿದರು.
ಅದನ್ನು ನಸ್ರೀನ್ ದಾಟಿಸಬೇಕಾಗಲಿಲ್ಲ.

ಪಾಲಹಳ್ಳಿಗೆ ಬಂದು ನಿಂಗಾಜಮ್ಮನ ಕೈಗಿಟ್ಟೆ:
"ಬೆಂಕಿಬೆಟ್ಟದ ಕಲ್ಲು ಕಣೆ, ಕಡಲು ದಾಟಿ ಬಂದೈತೆ."
ತಿರುಗಿಸಿ ನೋಡಿದಳು. ಮೂಸಿದಳು.
"ಇದಾ? ಸಂತೇಲಿ ಇಪ್ಪತ್ತು ರೂಪಾಯಿಗೆ ಎರಡು ಕೊಡ್ತಾರೆ."
ಬಚ್ಚಲ ಕಲ್ಲಿನ ಮೇಲೆ ಕೂತು
ಗದ್ದೆಯ ಕೆಸರು ಕುಡಿದು ಬಿರಿದ ಹಿಮ್ಮಡಿಯನ್ನು
ಗರಗರ ಉಜ್ಜತೊಡಗಿದಳು.

ನಾನು ಹೊಸ್ತಿಲಲ್ಲಿ ಕೂತೆ.
ಬೂದು ನೀರು ಹರಿದು ಬಾಳೆಬುಡಕ್ಕೆ ಹೋಯಿತು.
ಹಿಮ್ಮಡಿ ನಿಧಾನಕ್ಕೆ ಕೆಂಪಾಯಿತು,
ಒಳಗೆಲ್ಲೋ ಕೆಂಡ ಇರುವ ಹಾಗೆ.
ಇನ್ನೊಂದು ಚೊಂಬು ನೀರು ಹಾಕು ಅಂದಳು.
ಹಾಕಿದೆ.