ಮುಟ್ಟ್ಯಾದ ಅಂತ ಬರಿ

ಕಲಬುರಗಿ ಭಾಂಡೆ ಅಂಗಡ್ಯಾಗ
ಹತ್ತೊಂಬತ್ತು ವರ್ಷದಿಂದ ಹೆಸರು ಕೆತ್ತತೀನಿ.
ಕಣಜದ್ಹಾಂಗ ಗುಂಯ್ ಅಂತದ ಮಷೀನು,
ಮುಂಜಾನಿ ಹಿಡಿದ್ರ ಸಂಜಿಗೆ ಅಂಗೈ ಜೋಮು ಹಿಡೀತದ,
ರೊಟ್ಟಿ ಮುರಿಯೋ ಮುಂದ ಬೆರಳು ನಡಗತಾವ.

ಲಗ್ನದ ಸುಗ್ಗಿ ಬಂತಂದ್ರ ಸಾಲು ಹಚ್ಚತಾರ.
ಕುಕ್ಕರಿಗೆ ಅಪ್ಪನ ಹೆಸರು, ಊರು, ತಾಲೂಕು,
ಗೇಣುದ್ದ ಸೌಟಿಗೆ ಮೊಳುದ್ದ ಮನೆತನ.
ಒಬ್ಬಾಂವ ಅಂದ, 'ಜರಾ ದಪ್ಪ ಬರಿ ಮಾಮಾ,
ಊಟಕ್ಕ ಕುಂತವ್ರಿಗೆ ದೂರಿಂದ ಕಾಣ್ಲಿ.'
ಬರದೆ. ಅಂವಾ ಕೊಟ್ಟದ್ದು ಒಂದು ತಾಟು.

ಅಕ್ಕನ ಮಗಳು ನೀಲಗಂಗಾನ ಲಗ್ನ ಬಂತು.
ಸೋದರಮಾವ ನಾನು,
ಹಂಡೆ ಒಯ್ಯಬೇಕು, ಸೀರಿ ಒಯ್ಯಬೇಕು.
ಹೆಂಡತಿ ಕಣ್ಣಿನ ಆಪರೇಷನ್ನಿಗಂತ
ಮೂರು ತಿಂಗಳ ಪಗಾರ ಸೇಠನ ಕಡಿ ಮೊದಲೇ ತಿಂದೀನಿ.
ಅಂಗಡ್ಯಾಗಿನ ಹಂಡೆ ತೂಕಕ್ಕಿಟ್ಟೆ. ಇಳಿಸಿದೆ.
ಅಕ್ಕ ಫೋನ್ ಮಾಡಿದ್ಳು: 'ಬರಿಗೈಲೆ ಬಾ, ಆದ್ರ ಬಾ.'

ಮಷೀನು ಕೇಳಿದೆ ಎರಡು ದಿನಕ್ಕ.
'ಸುಟ್ಟರ ನಿನ್ನ ಲೆಕ್ಕ,' ಅಂದ ಸೇಠ.
ಟಾವೆಲಿನ್ಯಾಗ ಸುತ್ತಿ, ಆಳಂದ ಬಸ್ಸಿನ್ಯಾಗ
ತೊಡಿ ಮ್ಯಾಲ ಇಟ್ಕೊಂಡು ಕುಂತೆ.
ಬಾಜೂಕಿನ ಮುದುಕಿ ಕೇಳಿದ್ಳು, 'ಕೂಸೇನಪಾ?'

ಅರಿಷಿಣದ ರಾತ್ರಿ. ಹಂದರದ ಮೂಲ್ಯಾಗ
ಭಾಂಡೆ ಹೊಂದಿಸಿಟ್ಟಿದ್ರು. ಒಂದೊಂದೇ ಹೊರಳಿಸಿ ಓದಿದೆ.
ಅರ್ಧಕ್ಕರ್ಧ ನನ್ನ ಕೈಬರಹನೇ:
ಚಿಕ್ಕಪ್ಪ, ಗೌಡ್ರು, ಸೊಸಾಯಿಟಿ ಸೆಕ್ರೆಟರಿ, ವರನ ದೋಸ್ತರು.
ದಿನಾ ಇವನ್ನ ತಿಕ್ಕಾಕಿ ಹೆಸರು
ಒಂದರ ಮ್ಯಾಲೂ ಇದ್ದಿಲ್ಲ.
ಇಷ್ಟು ವರ್ಷ ಬರದಾಂವಗ ಅವತ್ತ ಕಣ್ಣಿಗೆ ಬಿತ್ತು.

ನೀಲಾನ ಕರದೆ. 'ನಿನ್ನ ತಂಬಗಿ ಯಾವ್ದು?'
ತಾಮ್ರದ್ದೊಂದು ತಂದ್ಳು, ಕಂಠ ನೆಗ್ಗಿದ್ದು,
ದಾಲ್ ಮಿಲ್ಲಿಗೆ ಹೋಗೋ ಮುಂದ ನಮ್ಮವ್ವ ನೀರು ಒಯ್ತಿದ್ದದ್ದು.
ಇನ್ನೂ ತೊಗರಿ ಧೂಳಿನ ವಾಸನಿ ಬರ್ತದ ಅಂತಾಳ ಅಕ್ಕ.
ನನಗೇನೂ ಬರಲಿಲ್ಲ.
ಲೈಟಿನ ಸರದ ವಾಯರಿಗೆ ಪ್ಲಗ್ ಸಿಗಿಸಿ ಬರದೆ:
ನೀಲಗಂಗಾ.
ಮುಂದ ಊರಿಲ್ಲ, ಹಿಂದ ಯಾರ ಮಗಳು ಯಾರ ಹೆಂಡತಿ ಇಲ್ಲ.
ಕಡೀ ಅಕ್ಷರಕ್ಕ ಕರೆಂಟು ಒಮ್ಮೆ ಎಗರಿ ಹೋತು,
ದೀರ್ಘದ ಬಾಲ ತಂಬಗಿ ಹೊಟ್ಟಿ ಮ್ಯಾಲ ಹರದಾಡ್ತು.
ನನಗ ನಾಚಿಕಿ.
ಆಕಿ ಕತ್ತಲದಾಗೇ ಹೆಬ್ಬೆರಳಿಲೆ ತಡವಿ ತಡವಿ ಓದಿದ್ಳು.
'ಇರ್ಲಿ ಮಾಮಾ. ಕಳುವಾದ್ರ ಗುರ್ತು ಸಿಗತದ.'

ಮರುದಿನ ಅಕ್ಕಿಕಾಳು ಬಿದ್ದ ಮ್ಯಾಲ
ಆಯೇರಿ ಬರಿಯಾಂವ ಮೈಕಿನ್ಯಾಗ ಕೇಳಿದ,
'ಸೋದರಮಾವ ಸೈಬಣ್ಣ ಅವರಿಂದ... ಎಷ್ಟ್ರಿ?'
ನನ್ನ ಗಂಟಲು ಒಣಗಿತ್ತು.
ಹಿಂದಿನಿಂದ ಅಕ್ಕನೇ ಒದರಿದ್ಳು,
'ಮುಟ್ಟ್ಯಾದ ಅಂತ ಬರಿ.'

ಮೊನ್ನೆ, ಎಂಟು ತಿಂಗಳಿಗೆ, ನೀಲಾ ಅಂಗಡಿಗೆ ಬಂದಿದ್ಳು.
ಚೀಲದಾಗಿಂದ ತಗದ್ಳು ಒಂದು ಹಿತ್ತಾಳಿ ತಂಬಗಿ.
'ನಮ್ಮತ್ತೀದು. ಹೆಸರು ಹಾಕು.'
'ಏನಂತ?'
'ಎಲ್ಲಾರೂ ಭೀಮಶಾನ ಅವ್ವ ಅಂತಾರ. ನಿನ್ನಿ ನಾನೇ ಕೇಳಿದೆ.
ಬಾಳ ಹೊತ್ತು ಸುಮ್ಮ ಕುಂತ್ಳು.
ತವರಾಗ ಹೂವಮ್ಮಂತ,
ಇಲ್ಲಿ ಬಂದ ಮ್ಯಾಲ ಕಸ್ತೂರಬಾಯಿ.'
'ಯಾವ್ದು ಬರೀಲಿ?'
ಇಬ್ಬರೂ ತಂಬಗಿ ತಿರುವಿ ತಿರುವಿ ನೋಡಿದೆವು.
ಸಣ್ಣದಿತ್ತು.
ಸಣ್ಣಗ ಬರದ್ರ ಎರಡೂ ಹಿಡೀತಾವ.