ಹೆಬ್ಬೆರಳಿನ ತಡ

ಅಗ್ವಾದುಲ್ಸೆ ಅಂದರೆ ಸಿಹಿನೀರು.
ಪನಾಮಾದ ಈ ಊರ ಸುತ್ತ ಇರುವುದೆಲ್ಲ ಉಪ್ಪಿನ ಪಾತಿ.
ಹೆಸರನ್ನು ನಂಬಬೇಡ ಎನ್ನುವುದು
ನನ್ನ ಕಸುಬಿನ ಮೊದಲ ಪಾಠವಾದ್ದರಿಂದ
ಹುಡುಗನ ಹೆಸರು ಕೇಳುವ ಮೊದಲೇ
ಮೊದಲ ಬೇಸಿನ ಕಡೆಯ ಬೇಲಿಗೆ ಒರಗಿ
ಸ್ಟಾಪ್‌ವಾಚ್ ತೆಗೆದೆ.

ಕುಕ್ಕರಗಾಲಲ್ಲಿ ಕೂತಿದ್ದಾನೆ.
ಹದಿನಾರು ತುಂಬಲು ಇನ್ನೂ ಎರಡು ತಿಂಗಳು.
ಹಿಮ್ಮಡಿ ನೆಲಕ್ಕೆ ತಾಗುತ್ತಿದೆ. ತಪ್ಪು, ಬರೆದುಕೊಂಡೆ.
ಸೊಂಟ ಮಾತ್ರ ಎಣ್ಣೆ ಬಿಟ್ಟ ಬಾಗಿಲ ತಿರುಗಣಿ. ಅದನ್ನೂ.
ಮಾಸ್ಕಿನ ಒಂದು ಸರಳು ಮುರಿದಿದೆ,
ಯಾರೋ ತಂತಿ ಸುತ್ತಿ ಬಿಗಿದಿದ್ದಾರೆ.
ಅದಕ್ಕೆ ಅಂಕವಿಲ್ಲ.

ಗ್ಲೌಸಿಗೆ ಚೆಂಡು ಬಡಿದ ಸದ್ದಿಗೆ ಒಮ್ಮೆ ಒತ್ತು,
ಎರಡನೇ ಬೇಸಿನಲ್ಲಿ ಬಡಿದಾಗ ಮತ್ತೆ ಒತ್ತು.
ನಡುವೆ ಉಳಿಯುವುದೇ ಅವನ ಜಾತಕ.
ಎರಡು ಸೆಕೆಂಡು: ನೋಡೋಣ.
ಎರಡರೊಳಗೆ: ಊಟಕ್ಕೆ ಕರಿ, ಅವರಪ್ಪನನ್ನೂ.
ಎರಡೂಕಾಲು: ಇಷ್ಟು ದೂರ ಬಂದೆಯಲ್ಲ, ಸಂತೋಷ, ಹೋಗಿ ಬಾ.

ಮೊದಲ ಎಸೆತ ಎರಡು ಪಾಯಿಂಟ್ ಸೊನ್ನೆ ಏಳು.
ಆಮೇಲೆ ಒಂದು ಪಾಯಿಂಟ್ ಒಂಬತ್ತು ನಾಲ್ಕು.
ಆಮೇಲೆ ಎರಡು ಪಾಯಿಂಟ್ ಒಂದು ಒಂದು.
ಅದೇ ತೋಳು, ಅದೇ ಹೆಜ್ಜೆ,
ಚೆಂಡು ನೂಲು ಹಿಡಿದ ಹಾಗೆ ಅದೇ ದಾರಿ.
ಅನುಮಾನ ಬಂದದ್ದು ನನ್ನ ಹೆಬ್ಬೆರಳ ಮೇಲೆ.

ಹನ್ನೆರಡು ವರ್ಷ ನಾನೂ ಆ ಕುಳಿಯಲ್ಲಿ ಕೂತವನು.
ಈ ಬೆರಳು ಮೂರು ಸಲ ಮುರಿದು
ಎರಡು ಸಲ ನೆಟ್ಟಗೆ ಕೂಡಿದೆ.
ಮೋಡ ಕವಿದರೆ ತಡ ಮಾಡುತ್ತದೆ,
ಹೊರಡಿಸುವಾಗ ತಡವೋ, ನಿಲ್ಲಿಸುವಾಗ ತಡವೋ,
ಇವತ್ತಿಗೂ ತಿಳಿಯದು.
ಎಷ್ಟು ಹುಡುಗರು ಇದರ ಕೆಳಗೆ ಸಿಕ್ಕಿ ಮನೆಗೆ ಹೋದರೋ,
ಲೆಕ್ಕ ಇಟ್ಟಿಲ್ಲ.

ಕೊನೆಗೆ ನನ್ನ ಹಳೇ ಕಿತಾಪತಿ.
ನೀರು ಕುಡಿಯುವ ನೆಪದಲ್ಲಿ ಪಿಚರ್ ಒಲ್ಮೆದೊನನ್ನು ಕರೆದು
ಕಿವಿಯಲ್ಲಿ ಹೇಳಿದೆ:
ಅವನು ಎರಡು ಬೆರಳು ತೋರಿಸಲಿ, ತಲೆ ಆಡಿಸು,
ಬಾಗಿಸಬೇಡ, ನೇರ ಹಾಕು, ಇದ್ದಷ್ಟು ಜೋರು.

ಬಾಗುವ ಚೆಂಡಿಗೆ ಕಾದು ಕೂತವನ
ಎಡ ಕೊರಳೆಲುಬಿಗೆ ಬಂದು ಬಡಿಯಿತು.
ಸದ್ದಿಗೆ ಬೇಲಿಯ ಮೇಲಿನ ಕೊಕ್ಕರೆ ಎದ್ದಿತು.
ಹುಡುಗ ಏಳಲಿಲ್ಲ. ಮೊದಲು ಚೆಂಡು ಹುಡುಕಿದ.
ಆಮೇಲೆ ನಿಧಾನಕ್ಕೆ ದಿಬ್ಬದ ತನಕ ನಡೆದು,
ಬಗ್ಗಿ,
ಒಲ್ಮೆದೊನ ಬೂಟಿಗೆ ಮೆತ್ತಿದ ಕೆಸರನ್ನು
ಕಡ್ಡಿಯಿಂದ ಕೆರೆದು, ಏನೋ ಹೇಳಿ,
ವಾಪಸು ಬಂದು ಕೂತ.

ಏನಂದೆ ಅವನಿಗೆ, ಎಂದೆ, ಎಲ್ಲ ಮುಗಿದ ಮೇಲೆ.
"ಇವತ್ತು ಉಗುರಿಗೆ ಬಿಳಿ ಬಣ್ಣ ಹಚ್ಚಿರಲಿಲ್ಲ, ಮೋಡದಲ್ಲಿ
ಬೆರಳು ನಿನಗೆ ಕಂಡಿರಲಿಕ್ಕಿಲ್ಲ, ತಪ್ಪು ನನ್ನದೇ ಅಂದೆ."
ಅವನ ಕೈ ನೋಡಿದೆ.
ಐದೂ ಉಗುರು ಬೆಳ್ಳಗೆ, ಉಪ್ಪಿನ ಹರಳು.

ಇಪ್ಪತ್ತರಿಂದ ಎಂಬತ್ತರ ತನಕ ಅಂಕದ ಹಾಳೆ.
ತೋಳು ಐವತ್ತೈದು. ತಡೆ ಅರವತ್ತು.
ಓಟ ಮೂವತ್ತು, ಅದೂ ಧಾರಾಳವಾಯಿತು.
ಬ್ಯಾಟು ಮೂವತ್ತೈದು.
ಹೊರಗೆ ಹೋಗುವ ಚೆಂಡಿಗೆ ಕಣ್ಣು ಮುಚ್ಚುತ್ತಾನೆ,
ದಾಕ್ಷಿಣ್ಯಕ್ಕೆ ನಾನೂ ಮುಚ್ಚಲಾರೆ.
ಬ್ಯಾಟು ಬಾರದ ಕ್ಯಾಚರುಗಳ ಹಾಳೆ
ಯಾವ ಡ್ರಾಯರಿಗೆ ಹೋಗುತ್ತದೆಂದು ಬಲ್ಲೆ.
ನನ್ನದೂ ಅಲ್ಲೇ ಇದೆ.

ಪಿಚರನ್ನು ನಿಭಾಯಿಸುವುದು: ಎಪ್ಪತ್ತು, ಎಂದು ಬರೆದೆ.
ಕಾರಣ ಬರೆಯಿರಿ ಎನ್ನುತ್ತದೆ ಪಕ್ಕದ ಚೌಕ.
ಬರೆದರೆ ಮೊದಲು ನನ್ನ ಕಿತಾಪತಿ ಬರೆಯಬೇಕು.
ಪೆನ್ನು ಹಿಡಿದು ಸುಮ್ಮನೆ ನಿಂತೆ.

"ಎಷ್ಟು ಬಂತು?" ಎಂದ ಯೊರಿಯೆಲ್.
ಹೆಸರು ಆಗಷ್ಟೇ ಕೇಳಿದ್ದೆ.
ಸರಾಸರಿ ಎರಡು ಪಾಯಿಂಟ್ ಸೊನ್ನೆ ನಾಲ್ಕು.
ಅವನು ತಲೆಯಾಡಿಸಿ, ಬೂಟಿನ ಲೇಸು ಬಿಚ್ಚುತ್ತ,
"ನಿಮ್ಮ ಬೆರಳು ನೋಯುತ್ತಾ?
ಎರಡನೇ ಸಲ ಒತ್ತುವಾಗ ಮುಖ ಕಿವುಚುತ್ತಿದ್ದಿರಿ."

ಉಪ್ಪಿನ ಪಾತಿಯ ಕಡೆಯಿಂದ ಗಾಳಿ ಎದ್ದಿತ್ತು.
ಸ್ಟಾಪ್‌ವಾಚನ್ನು ಎಡಗೈಗೆ ಬದಲಿಸಿದೆ.
ಲೇಸು ಕಟ್ಟಿಕೋ, ಎಂದೆ,
ಇನ್ನೊಂದು ಸಲ ಎಸೆ.